ಅಮ್ಮನ ಬಲಗಣ್ಣಿನ ರೆಪ್ಪೆ

ಅಮ್ಮನಿಗೆ ಇರುವುದು ಒಂದೇ ಕಣ್ಣು. ಚಿಕ್ಕವಳಿದ್ದಾಗ ಬುಕ್ಕಾಪಟ್ಟಣದ ಕಡೆ ಮೇಕೆ ಕಾಯುವಾಗ ಜಾಲಿಮುಳ್ಳು ಹೊಕ್ಕು ಎಡಗಣ್ಣು ಹೋಯಿತಂತೆ. ಹೋದ ವರ್ಷ ಬಲಗಣ್ಣಿನ ರೆಪ್ಪೆಯೂ ಕೆಂಪಗೆ ಊದಿಕೊಂಡಿತು. ಬೆಳಿಗ್ಗೆ ಎದ್ದರೆ ರೆಪ್ಪೆ ಅಂಟಿಕೊಂಡಿರುತ್ತಿತ್ತು. ಅದನ್ನವಳು ಬಿಡಿಸಿಕೊಳ್ಳುವಷ್ಟು ಹೊತ್ತು ನಾನು ಉಸಿರು ಬಿಗಿಹಿಡಿದು ನಿಂತಿರುತ್ತಿದ್ದೆ.

ಮಧುಗಿರಿಯ ಕಣ್ಣಿನ ಡಾಕ್ಟರು ಟಾರ್ಚ್ ಹಾಕಿ ನೋಡಿದರು. ರೆಪ್ಪೆಯ ಅಂಚಿನಲ್ಲಿ ಎಣ್ಣೆ ಒಸರುವ ಸಣ್ಣ ಗ್ರಂಥಿಗಳಿರುತ್ತವಂತೆ, ಅವುಗಳ ಬಾಯಿ ಕಟ್ಟಿಕೊಂಡು ಊದಿವೆ ಎಂದರು. ದಿನಕ್ಕೆರಡು ಸಲ ಬಿಸಿನೀರಿನಲ್ಲಿ ಅದ್ದಿ ಹಿಂಡಿದ ಬಟ್ಟೆಯನ್ನು ಮುಚ್ಚಿದ ಕಣ್ಣಿನ ಮೇಲೆ ಹತ್ತು ನಿಮಿಷ ಇಡಬೇಕು, ಆಮೇಲೆ ರೆಪ್ಪೆಯನ್ನು ಅಂಚಿನ ಕಡೆಗೆ ಮೆತ್ತಗೆ ನೀವಬೇಕು. ಕೊಟ್ಟ ಮುಲಾಮು ಬಿಟ್ಟು ಬೇರೇನೂ ಹಚ್ಚಬಾರದು. ದೃಷ್ಟಿಗೇನೂ ಆಗಿಲ್ಲ ಎಂದೂ ಹೇಳಿದರು. ನನಗೆ ನಂಬಿಕೆ ಬರಲಿಲ್ಲ.

ನಮ್ಮಲ್ಲಿ ಕಣ್ಣು ಕೆಂಪಾದರೆ ಉಷ್ಣ ಎನ್ನುತ್ತಾರೆ. ಉಷ್ಣಕ್ಕೆ ಹರಳೆಣ್ಣೆ; ನೆತ್ತಿಗೂ ಅದೇ, ರೆಪ್ಪೆಗೂ ಅದೇ. ಅಂಥ ಕಣ್ಣಿಗೆ ಬಿಸಿಬಟ್ಟೆ ಎಂದರೆ ಯಾರು ಒಪ್ಪುತ್ತಾರೆ? ನನ್ನ ಕೆನ್ನೆಗೆ ಒತ್ತಿ ಶಾಖ ನೋಡಿಯೇ ಇಡುತ್ತಿದ್ದೆ. ಅಮ್ಮ ಎರಡೇ ನಿಮಿಷಕ್ಕೆ ಕಿತ್ತುಹಾಕುತ್ತಿದ್ದಳು.

ಎರಡು ವಾರವಾದರೂ ಊತ ಇಳಿಯಲಿಲ್ಲ. ಒಂದು ಮಧ್ಯಾಹ್ನ ನಾನು ಪಾಠ ಮಾಡುವ ಶಾಲೆಯಿಂದ ಬೇಗ ಬಂದೆ. ಅಮ್ಮ ಹಿತ್ತಲ ಬಾಗಿಲಲ್ಲಿ ಕೂತು ರೆಪ್ಪೆಗೆ ಹರಳೆಣ್ಣೆ ಬಳಿದುಕೊಳ್ಳುತ್ತಿದ್ದಳು. ನನಗೆ ರೇಗಿಹೋಯಿತು.

“ಇರೋದೊಂದು ಕಣ್ಣು, ಅದನ್ನೂ ಕಳ್ಕಂಡು ಕೂತ್ಕಂತೀಯಾ?” ಎಂದುಬಿಟ್ಟೆ.

ಅಮ್ಮ ಎಣ್ಣೆ ಬಟ್ಟಲನ್ನು ಕೆಳಗಿಟ್ಟಳು. “ಶಾಖ ಬೇಕಾದ್ರೆ ತಡ್ಕಂತೀನಿ ಕಣಮ್ಮ. ನೀನು ಬಟ್ಟೆ ಇಟ್ಬುಟ್ರೆ ನಂಗೆ ಪೂರಾ ಕತ್ಲು. ಇಂಗೇ ಉಳ್ಕಂಬುಟ್ರೆ ಹೆಂಗೆ ಅಂತ ಜೀವ ಹೊಡ್ಕಂತದೆ. ನೀನು ಫೋನ್ ಹಿಡ್ಕಂಡು ಸುಮ್ನೆ ಕೂತಿರ್ತೀಯ. ಪಕ್ಕದಲ್ಲಿ ಇದ್ದೀಯೋ ಇಲ್ವೋ ಅದೂ ಗೊತ್ತಾಗಲ್ಲ.”

ಫೋನಿನಲ್ಲಿ ನಾನು ಹತ್ತು ನಿಮಿಷ ಆಗುವುದನ್ನೇ ಕಾಯುತ್ತಿದ್ದೆ. ಇಷ್ಟು ದಿನ ನನ್ನ ಹೆದರಿಕೆಯೇ ದೊಡ್ಡದು ಅಂದುಕೊಂಡಿದ್ದಕ್ಕೆ ನಾಚಿಕೆಯಾಯಿತು.

ಅವತ್ತಿಗೆ ಹರಳೆಣ್ಣೆ ನಿಂತಿತು. ಊತ ಪೂರ್ತಿ ಇಳಿದದ್ದು ಇನ್ನೊಂದು ತಿಂಗಳಿಗೆ. ಆದರೆ ನನಗೆ ಮರೆಯದೆ ಉಳಿದದ್ದು ಅವತ್ತಿನ ಸಂಜೆ. ಬಟ್ಟೆ ಇಟ್ಟು, ಅಮ್ಮನ ಕೈಯನ್ನು ನನ್ನ ಮಡಿಲಿಗೆಳೆದುಕೊಂಡು, ಬಾಯಿಗೆ ಬಂದದ್ದೆಲ್ಲ ಹೇಳತೊಡಗಿದೆ. ಎದುರುಮನೆಯವರು ಹುಣಸೆಹಣ್ಣು ಬಡಿಯುತ್ತಿದ್ದಾರೆ, ಕೊರಟಗೆರೆ ಬಸ್ಸು ಇವತ್ತೂ ತಡ, ಸ್ಕೂಲಿನಲ್ಲಿ ಸಾಂಬಾರು ನೀರುನೀರಾಗಿತ್ತು. ಒಂದು ಗಳಿಗೆ ಹೇಳಲು ಏನೂ ತೋಚದೆ ಸುಮ್ಮನಾದೆ.

ಅಮ್ಮನ ಉಗುರುಗಳು ನನ್ನ ಅಂಗೈಗೆ ನಾಟಿದವು.