ನಿಧಾನಕ್ಕ ಕೇಳಿದ ಪ್ರಶ್ನೆ

ಆಸ್ಪತ್ರೆಯಲ್ಲಿ ನಮಗೆಲ್ಲ ಆಕೆ ನಿಧಾನಕ್ಕ. ನಡಿಗೆಯಲ್ಲಿ ಬಿರುಗಾಳಿ, ನಿಧಾನವೆಲ್ಲ ಕಿವಿಯಲ್ಲಿ. ಮರೆವಿನ ಕಾಯಿಲೆಯವರನ್ನು ಒಂದು ಮಾತು ಕೇಳಿದರೆ, ಉತ್ತರ ಬರುವತನಕ ತುಟಿ ಹೊಲಿದುಕೊಂಡು ಕೂರುತ್ತಿದ್ದಳು.

"ನಾನು ಉತ್ತರ ಕೊಡೋದು ತಡವಾದ್ರೆ ಮಾತ್ರ ಮೈಮೇಲೆ ಬೀಳ್ತೀಯ," ಎಂದು ಗಂಡ ರೇಗಿಸುತ್ತಿದ್ದ.

"ನಿಮಗೆ ಮರೆವಲ್ಲ ರೀ, ಸೋಮಾರಿತನ. ಅದಕ್ಕೆ ನಾನು ಕಾಯಲ್ಲ."

ವಯಸ್ಸಾದವರ ಮನೆಗಳಿಗೆ ಹೋಗಿ ನೋಡಿ ಬರುವುದು ಆಕೆಯ ಕೆಲಸ. ಒಮ್ಮೆ ಒಂದು ಮನೆಯ ಪಕ್ಕದವರು ದೂರು ಹೇಳಿದರು: ಮಧ್ಯಾಹ್ನವಾದರೆ ಒಳಗಿನಿಂದ ಮುದುಕಿ ಕಿರುಚುತ್ತಾಳೆ, ಬಾಗಿಲಿಗೆ ಹೊರಗಿನಿಂದ ಬೀಗ. ಆ ಮನೆಯಲ್ಲಿದ್ದವರು ಇಬ್ಬರೇ, ತಾಯಿ ಮತ್ತು ಬಸ್ ಓಡಿಸುವ ಮಗ. ಅವನ ರಜೆಯ ದಿನ ನೋಡಿಕೊಂಡು ನಿಧಾನಕ್ಕ ಹೋದಳು. ಬಾಗಿಲು ತೆಗೆದವನು ನಿದ್ದೆಗೆಟ್ಟು ಸೊರಗಿದ್ದ. ತಾಯಿಯ ಮಣಿಕಟ್ಟಿನ ಸುತ್ತ ನೀಲಿಗಟ್ಟಿತ್ತು.

"ಬಿದ್ದಿರಬೇಕು," ಎಂದ ಮಗ, ಗೋಡೆ ನೋಡುತ್ತ.

"ಇರಬಹುದು. ಒಂದು ಲೋಟ ಟೀ ಸಿಗುತ್ತಾ ತಮ್ಮಾ?"

ಅವನು ಅಡುಗೆಮನೆಗೆ ಹೋದ ಮೇಲೆ ಆಕೆ ತಾಯಿಯ ಮುಂದೆ ನೆಲದ ಮೇಲೆ ಕೂತು ಕೇಳಿದಳು: "ಈ ಕೈಗೆ ಏನಾಯ್ತಮ್ಮಾ?"

ಒಳಗೆ ಒಲೆಯ ಮೇಲೆ ಹಾಲು ಉಕ್ಕಿ ಇಳಿಯಿತು. ನಿಧಾನಕ್ಕ ತುಟಿ ಬಿಚ್ಚಲಿಲ್ಲ. ಕೊನೆಗೆ ಮುದುಕಿಯೇ ಬಾಯಿಬಿಟ್ಟಳು.

"ಆ ಮೀಸೆಯವನು ಕುರ್ಚಿಗೆ ಕಟ್ತಾನೆ. ನನ್ನ ಮಗ ಸ್ಕೂಲು ಬಿಟ್ಟು ಕಾಯ್ತಿರ್ತಾನೆ ಕಣಮ್ಮಾ. ಚಿಕ್ಕವನು, ರಸ್ತೆ ದಾಟೋಕೆ ಬರಲ್ಲ."

ಲೋಟ ಹಿಡಿದು ಬಂದ ಮೀಸೆಯವನು ಬಾಗಿಲಲ್ಲೇ ನಿಂತುಬಿಟ್ಟ. ತಾಯಿ ತನ್ನಿಂದ ತಪ್ಪಿಸಿಕೊಂಡು ಓಡುತ್ತಾಳೆಂದು ಅವನು ತಿಳಿದಿದ್ದ. ಅವಳು ಹುಡುಕಿಕೊಂಡು ಹೊರಟಿದ್ದು ಅವನನ್ನೇ.

"ನೀನು ಕೆಟ್ಟವನಲ್ಲ," ಎಂದಳು ನಿಧಾನಕ್ಕ. "ಆದ್ರೆ ಕೈ ಕಟ್ಟೋದು ಹಿಂಸೆನೇ. ಇದನ್ನ ನಾನು ಹಿರಿಯರ ರಕ್ಷಣೆ ನೋಡೋ ಆಫೀಸಿಗೆ ತಿಳಿಸ್ಲೇಬೇಕು. ಬೆನ್ನ ಹಿಂದೆ ಹೇಳಬಾರದು ಅಂತ ನಿನ್ನ ಮುಂದೇನೇ ಹೇಳ್ತಿದೀನಿ."

"ಒಂದು ವಾರ ನೀವೇ ನೋಡ್ಕೊಳ್ಳಿ, ಆಮೇಲೆ ತಿಳಿಸಿ!" ಎಂದು ಅವನು ಕೂಗಾಡಿದ.

"ಅದನ್ನೂ ತಿಳಿಸ್ತೀನಿ. ಒಬ್ಬನ ಕೈಲಿ ಆಗೋ ಕೆಲಸ ಅಲ್ಲ ಇದು."

ಹೇಳಿದಂತೆ ಎರಡನ್ನೂ ತಿಳಿಸಿದಳು. ವಿಚಾರಣೆಗೆ ಬಂದವರು ಅವನಿಗೆ ಕಟುವಾಗಿಯೇ ಎಚ್ಚರಿಕೆ ಕೊಟ್ಟರು; ತಾಯಿಯನ್ನು ಹಗಲು ನೋಡಿಕೊಳ್ಳುವ ಕೇಂದ್ರವೊಂದರಲ್ಲಿ ಜಾಗವನ್ನೂ ಕೊಡಿಸಿದರು. ನಿಧಾನಕ್ಕ ಡಿಪೋಗೆ ಅಲೆದು ಅವನಿಗೆ ಬೆಳಗಿನ ಪಾಳಿ ಮಾಡಿಸಿದಳು. ಮಧ್ಯಾಹ್ನ ತಾಯಿಯನ್ನು ಮನೆಗೆ ಕರೆತಂದ ಮೇಲೆ, ಅವಳು ಚಪ್ಪಲಿ ಹುಡುಕಿದರೆ ಅವನು ಈಗ ವಾದಿಸುತ್ತಿರಲಿಲ್ಲ. "ನಡಿಯಮ್ಮಾ, ಮಗನ್ನ ಕರ್ಕೊಂಡು ಬರೋಣ," ಎಂದು ಕೈಹಿಡಿದು ಬೀದಿ ಸುತ್ತಿಸುತ್ತಿದ್ದ. ಮನೆಗೆ ಬರುವಷ್ಟರಲ್ಲಿ ಕೈಹಿಡಿದವನಲ್ಲೇ ಅವಳಿಗೆ ಮಗ ಸಿಕ್ಕಿರುತ್ತಿದ್ದ. ಒದ್ದೆ ಬಟ್ಟೆಯಿಂದ ಅವನ ಮುಖ ಒರೆಸುವಳು. ಆ ದಪ್ಪ ಮೀಸೆಯ ಡ್ರೈವರು ಕಣ್ಣುಮುಚ್ಚಿ ಒರೆಸಿಕೊಳ್ಳುತ್ತಿದ್ದ.

ಮುಂದೆ ನಿಧಾನಕ್ಕನಿಗೆ ನರ್ಸುಗಳಿಗೆ, ಪೊಲೀಸರಿಗೆ, ಹೊಸ ಡಾಕ್ಟರುಗಳಿಗೆ ಪಾಠ ಹೇಳುವ ಕೆಲಸ ಬಂತು. ಒಂದು ತರಗತಿಗೆ ಆ ಡ್ರೈವರನ್ನು ಕರೆದಳು. "ನನ್ನ ಮಾನ ಹರಾಜು ಹಾಕ್ತೀರಾ?" ಎಂದವನು ಕೊನೆಗೆ ತಾಯಿಯನ್ನೂ ಕರೆದುಕೊಂಡು ಬಂದ. ಕಟ್ಟಿದ್ದು, ಬೀಗ ಹಾಕಿದ್ದು, ಸುಳ್ಳು ಹೇಳಿದ್ದು, ಒಂದನ್ನೂ ಮುಚ್ಚಿಡದೆ ಹೇಳಿದ.

"ದೂರು ಕೊಟ್ಟಿದ್ದಕ್ಕೆ ಅಕ್ಕನ ಮೇಲೆ ಸಿಟ್ಟಿಲ್ವಾ?" ಎಂದು ಡಾಕ್ಟರೊಬ್ಬಳು ಕೇಳಿದಳು.

"ಇದೆ. ಇನ್ನೂ ಮುಂಚೆ ಯಾಕೆ ಬರ್ಲಿಲ್ಲ ಅಂತ."

ನಿಧಾನಕ್ಕ ಕನ್ನಡಕ ತೆಗೆದು ಸೆರಗಿನಲ್ಲಿ ಒರೆಸತೊಡಗಿದಳು. ಅವಳ ಪಕ್ಕ ಕೂತಿದ್ದ ಮುದುಕಿ ಎಲ್ಲರಿಗಿಂತ ಜೋರಾಗಿ ಚಪ್ಪಾಳೆ ತಟ್ಟಿ, ಅವಳ ಕಿವಿಯಲ್ಲಿ ಹೇಳಿದಳು:

"ಯಾರ ಮಗನೋ ಏನೋ. ಒಳ್ಳೆ ಹುಡುಗ."