ಪಕ್ಕದ ಎಲೆ

ಬಾಳೆಲೆಗೆ ನೀರು ಚಿಮುಕಿಸಿದಾಗ ಏಳುವ ಹಸಿ ವಾಸನೆ ನಿಮಗೂ ಗೊತ್ತಿರುತ್ತದೆ. ಮೊನ್ನೆ ತೀರ್ಥಹಳ್ಳಿಯ ಮದುವೆಯೊಂದರಲ್ಲಿ ಊಟಕ್ಕೆ ಕೂತಾಗ ಆ ವಾಸನೆ ಮೂಗಿಗೆ ಬಡಿಯಿತು. ಎಂದೂ ಇಲ್ಲದ್ದು, ನನಗೆ ಹಸಿವಿನ ಬದಲು ಭಯವಾಯಿತು. ಹೋಳಿಗೆ ತಟ್ಟೆ ಹಿಡಿದು ಬರುತ್ತಿದ್ದವರು ಸಾಗರದಲ್ಲಿರುವ ನಮ್ಮ ಅತ್ತಿಗೆ, ಅಣ್ಣನ ಹೆಂಡತಿ. ಆಪರೇಷನ್ ಆದ ಮೇಲೆ ಅವರು ಬಡಿಸಲು ನಿಂತದ್ದು ಅದೇ ಮೊದಲು.

ಬಡಿಸುವುದರಲ್ಲಿ ಅತ್ತಿಗೆಯದು ದಬ್ಬಾಳಿಕೆ. ಸಾಕು ಎಂದು ಎಲೆಗೆ ಕೈ ಅಡ್ಡ ಹಿಡಿದವರನ್ನು ಅವರು ಲೆಕ್ಕಕ್ಕೇ ಇಟ್ಟುಕೊಂಡವರಲ್ಲ. ನನ್ನ ಸೊಂಟದ ಸುತ್ತಳತೆಗೆ ಅರ್ಧ ಕಾರಣ ಅವರು, ಉಳಿದರ್ಧ ನನ್ನದೇ ನಾಲಿಗೆ. ಅಂಥವರು ಕೆಲವು ವರ್ಷದ ಹಿಂದೆ ನಡುನಡುವೆ ಎಲೆ ಬಿಟ್ಟು ಮುಂದೆ ಹೋಗತೊಡಗಿದರು. ಪಕ್ಕದಲ್ಲಿ ನಿಂತು ನಕ್ಕವರನ್ನೂ ಮಾತಾಡಿಸುತ್ತಿರಲಿಲ್ಲ. "ಅವ್ಳಿಗೀಗ ಭಾರಿ ಜಂಬ" ಎಂದು ನೆಂಟರು ಮೂಗು ಮುರಿದರು.

ಹೊಸನಗರದ ಗೃಹಪ್ರವೇಶವೊಂದರಲ್ಲಿ ಪಕ್ಕದಿಂದ ಬಂದ ಸಾರಿನ ಬಕೆಟ್ಟಿಗೆ ಅತ್ತಿಗೆ ಹೋಗಿ ಡಿಕ್ಕಿ ಹೊಡೆದರು. ಸುಟ್ಟ ಮುಂಗೈಗೆ ಮುಲಾಮು ಹಚ್ಚುವಾಗ ನೋಡುತ್ತೇನೆ, ಎರಡೂ ತೋಳುಗಳ ಹೊರಮಗ್ಗುಲಲ್ಲಿ ನೀಲಿಗಟ್ಟಿದ ಕಲೆ.

"ಇದೆಂತ ಅತ್ತಿಗೆ?"

"ನಮ್ಮನೆ ಬಾಗ್ಲು ಅಗಲ ಸಾಲ್ದು ಮಾರಾಯ್ತಿ. ದಿನಾ ತಾಗ್ತದೆ."

ಆ ಬಾಗಿಲನ್ನು ನನ್ನಂಥವಳೇ ಸರಾಗವಾಗಿ ದಾಟುತ್ತಿದ್ದೆ.

ಮರುದಿನವೇ ಸಾಗರದ ಕಣ್ಣಿನ ಡಾಕ್ಟರ ಹತ್ತಿರ ಕರೆದುಕೊಂಡು ಹೋದೆ. ಬೋರ್ಡಿನ ಕೊನೆಯ ಸಾಲಿನ ಅಕ್ಷರವನ್ನೂ ಪಟಪಟ ಓದಿ ಅತ್ತಿಗೆ ಗೆದ್ದವರ ಹಾಗೆ ನನ್ನತ್ತ ನೋಡಿದರು. ಡಾಕ್ಟರು ಒಂದೊಂದೇ ಕಣ್ಣು ಮುಚ್ಚಿಸಿ, ಕೈಯನ್ನು ಬದಿಗೆ ಚಾಚಿ, "ನನ್ನ ಮೂಗನ್ನೇ ನೋಡ್ತಿರಿ. ಬೆರಳು ಆಡ್ತಿದೆಯಾ?" ಎಂದರು.

"ಯಾವ ಬೆರಳು ಡಾಕ್ಟ್ರೇ?"

ಬಲಗಣ್ಣಿಗೆ ಬಲಬದಿ ಕಾಣುತ್ತಿರಲಿಲ್ಲ, ಎಡಗಣ್ಣಿಗೆ ಎಡಬದಿ. "ಇದು ಕನ್ನಡಕದಿಂದ ಸರಿಹೋಗೋದಲ್ಲಮ್ಮ" ಎಂದು ಸ್ಕ್ಯಾನಿಂಗಿಗೆ ಬರೆದುಕೊಟ್ಟರು. ಮೆದುಳಿನ ಬುಡದಲ್ಲಿರುವ ಪಿಟ್ಯುಟರಿ ಗ್ರಂಥಿಯಲ್ಲಿ ಗಡ್ಡೆ ಬೆಳೆದು, ಎರಡೂ ಕಣ್ಣಿನ ನರಗಳು ಕೂಡುವ ಜಾಗವನ್ನು ಕೆಳಗಿನಿಂದ ಒತ್ತುತ್ತಿತ್ತು. ಕ್ಯಾನ್ಸರ್ ಅಲ್ಲ, ಆದರೆ ಹಾಗೇ ಬಿಟ್ಟರೆ ಉಳಿದ ನೋಟವೂ ಹೋಗುತ್ತದೆ ಎಂದರು. ದೊಡ್ಡಾಸ್ಪತ್ರೆಯಲ್ಲಿ ಗಡ್ಡೆಯನ್ನು ಮೂಗಿನ ಮೂಲಕವೇ ತೆಗೆದರು. ಹೋದ ನೋಟ ಎಷ್ಟು ವಾಪಸು ಬರುತ್ತದೋ ಕಾದು ನೋಡಬೇಕು ಎಂದಾಗ ಅತ್ತಿಗೆ ಕೇಳಿದ್ದು ಒಂದೇ, "ಬಡಿಸೋಕಾಗ್ತದಾ?" ಯಾರಿಗೂ ನಗು ಬರಲಿಲ್ಲ.

ಆಮೇಲೆ ಯಾವಾಗ ವಿಚಾರಿಸಿದರೂ "ಅಡ್ಡಿಲ್ಲ" ಎನ್ನುತ್ತಿದ್ದರು. ಬಾಗಿಲ ಕಥೆ ಕಟ್ಟಿದವರ ಮಾತನ್ನು ನಾನು ನಂಬುವುದು ಹೇಗೆ?

ಮೊನ್ನೆ ಅತ್ತಿಗೆ ನನ್ನ ಪಕ್ಕದವರ ಎಲೆಗೆ ಬಗ್ಗಿದ್ದರು. ಪರೀಕ್ಷಿಸಲು ಇದೇ ಸಮಯವೆಂದು ನಾನು ಸದ್ದಿಲ್ಲದೆ ನನ್ನ ಎಲೆಗೆ ಕೈ ಅಡ್ಡ ಹಿಡಿದೆ. ಅವರು ತಲೆ ತಿರುಗಿಸಲಿಲ್ಲ. ಕಣ್ಣು ಆ ಎಲೆಯ ಮೇಲೇ ಇತ್ತು.

"ಕೈ ತೆಗಿಯೇ. ಕಾಣ್ತಿದೆ."

ತೆಗೆದೆ. ಎರಡು ಹೋಳಿಗೆ ಬಿತ್ತು. ಖುಷಿಗೆ ಅಳು ಬಂದು, ತುಪ್ಪಕ್ಕೂ ಕಾಯದೆ ತಿಂದುಬಿಟ್ಟೆ.