ನಾನು ಕಿತ್ತ ಕಳೆ

ಹೋದ ಭಾನುವಾರ ಸಾತನೂರಿನ ಅಕ್ಕನಿಗೆ ಹೇಳದೆ ಕೇಳದೆ ಒಂದು ಉಪಕಾರ ಮಾಡಿದೆ. ಊಟಕ್ಕೆ ಮೊದಲೇ ಬೈಗುಳ ತಿಂದೆ.

ಅಕ್ಕನಿಗೂ ಭಾವನಿಗೂ ಹಸುಗಳ ಮೇವಿನದೇ ಜಗಳ. ಹೊಲದ ಅರ್ಧಕ್ಕೆ ಭಾವ ಸೀಮೆಹುಲ್ಲು ಹಾಕಿದ್ದಾರೆ. ಯೂರಿಯಾ ಚೆಲ್ಲು, ನೀರು ಬಿಡು, ಕೊಯ್ದು ಕತ್ತರಿಸೋ ಮೆಷಿನ್‌ಗೆ ಕೊಟ್ಟು ಕಟ್ಟಿದ ಹಸುವಿನ ಮುಂದೆ ಸುರಿ. ಅಕ್ಕನ ಅರ್ಧದಲ್ಲಿ ಗರಿಕೆ, ಅಲಸಂದೆ, ಹುರುಳಿ, ಅಣ್ಣೆಸೊಪ್ಪು ಎಲ್ಲ ಒಟ್ಟೊಟ್ಟಿಗೆ. ಹಳೇ ಸೀರೆಗಳನ್ನು ಬೇಲಿಯ ಹಾಗೆ ಅಡ್ಡ ಕಟ್ಟಿ ಜಾಗವನ್ನು ತುಂಡು ತುಂಡು ಮಾಡಿದ್ದಾಳೆ. ಒಂದು ತುಂಡು ಮೇಯಿಸಿದರೆ ಅದು ಮತ್ತೆ ಚಿಗುರುವವರೆಗೂ ಹಸು ಅತ್ತ ಸುಳಿಯುವಂತಿಲ್ಲ. ಸಗಣಿ ಬಿದ್ದಲ್ಲೇ ಗೊಬ್ಬರ, ಯೂರಿಯಾ ಚೀಲದ ಮಾತೇ ಇಲ್ಲ.

(ಸೀರೆಗಳೆಲ್ಲ ಭಾವನೇ ತೆಗೆಸಿಕೊಟ್ಟವು. ಆ ಸಂಕಟವೂ ಸೇರಿತ್ತು ಅನ್ನಿ.)

"ಹುಲ್ಲಾ ಅದು? ಬರೀ ಕಳೆ. ಸೋಮವಾರ ಟ್ರ್ಯಾಕ್ಟರ್ ಬತ್ತದೆ, ಉತ್ಬುಡ್ತೀನಿ," ಅಂದಿದ್ದರು ಭಾವ. ಎರಡು ವರ್ಷ ಮಗುವಿನ ಹಾಗೆ ನೋಡಿಕೊಂಡ ಜಾಗ. ಅಕ್ಕ ಮುಖ ಸಣ್ಣಗೆ ಮಾಡಿಕೊಂಡು ಓಡಾಡುತ್ತಿದ್ದಳು.

ನನಗೆ ನೋಡಲಾಗಲಿಲ್ಲ. ಕಳೆ ತಾನೇ ತಕರಾರು? ಕಿತ್ತುಬಿಟ್ಟರೆ ಭಾವ ಸುಮ್ಮನಾಗುತ್ತಾರಲ್ಲ! ಭಾವ ಹಸುಗಳಿಗೆ ನೀರು ಕುಡಿಸಲು ಕೆರೆಗೆ ಹೋಗಿದ್ದರು. ಅಕ್ಕ ಅಡುಗೆಮನೆಯಲ್ಲಿ. ನಾನು ಪ್ಯಾಂಟ್ ಮಡಚಿ ಕೂತೆ. ಒಂದು ತುಂಡಿನಲ್ಲಿ ಹುಲ್ಲಲ್ಲದ್ದನ್ನೆಲ್ಲ ಕಿತ್ತು ಬದುವಿನ ಮೇಲೆ ರಾಶಿ ಹಾಕಿದೆ. ಸೊಂಟ ಬಿದ್ದುಹೋಯಿತು, ಆದರೂ ಏನು ಹೆಮ್ಮೆ ಅಂತೀರಿ!

ಅಕ್ಕ ಊಟಕ್ಕೆ ಕರೆಯಲು ಬಂದಳು. ನೋಡಿದಳು.

"ಏನ್ಲಾ ಮಾಡ್ಬುಟ್ಟೆ? ಅಲಸಂದೆ ಕಣ್ಲಾ ಅದು! ನಾನೇ ಬಿತ್ತಿದ್ದು! ಪೇಪರ್‌ಗೆ ಬರಿಯೋನಿಗೆ ಇಷ್ಟೂ ಗೊತ್ತಾಗಕಿಲ್ವಾ?"

ಬೈದು ಬೈದು ಅಲ್ಲೇ ಕೂತು ಅತ್ತೇಬಿಟ್ಟಳು. ನನ್ನ ಪೆದ್ದುತನಕ್ಕೆ ನನಗೇ ನಾಚಿಕೆಯಾಯಿತು.

ಅಷ್ಟರಲ್ಲಿ ಭಾವ ಹಸುಗಳನ್ನು ಹೊಡೆದುಕೊಂಡು ಬಂದರು. ಹೊಲದ ಮೂಲೆಯ ಕೊಟ್ಟಿಗೆಯಲ್ಲಿ ಆಗಷ್ಟೇ ಕತ್ತರಿಸಿದ ಸೀಮೆಹುಲ್ಲು ಕಾದಿತ್ತು. ಮುಂದಿದ್ದ ಕೆಂಪಿ ಅದನ್ನು ಮೂಸಿಯೂ ನೋಡಲಿಲ್ಲ. ಸೀದಾ ಬದುವಿಗೆ ಬಂದು ನನ್ನ ರಾಶಿಗೆ ಬಾಯಿ ಹಾಕಿದಳು. ಹಿಂದೆಯೇ ಇನ್ನೆರಡು. ಭಾವ ಹಗ್ಗ ಎಳೆದರು, ಗದರಿದರು, ಕೊನೆಗೆ ಕೆಂಪಿಗೆ "ತಾಯಿ, ಬಾರವ್ವ" ಅಂತ ಪೂಸಿಯನ್ನೂ ಹೊಡೆದರು. ಊಹೂಂ.

ಭಾವ ತಲೆ ಕೆರೆದುಕೊಂಡರು. "ಒಸಿ ದಿನ ನೋಡನ ಬುಡು," ಅಂತ ಗೊಣಗಿ, ಟ್ರ್ಯಾಕ್ಟರಿನವನಿಗೆ ಫೋನ್ ಮಾಡಿ ಬರೋದು ಬ್ಯಾಡ ಅಂದರು. ಅಕ್ಕ ಕಣ್ಣೊರೆಸಿಕೊಳ್ಳುತ್ತಲೇ ನಕ್ಕಳು. ಅಂದು ನನ್ನ ಮುದ್ದೆಗೆ ತುಪ್ಪ ಬಿತ್ತು.

ಸೀಮೆಹುಲ್ಲೂ ಹೊಟ್ಟೆ ತುಂಬಿಸುತ್ತದೆ, ಸುಳ್ಳಲ್ಲ. ಆದರೆ ಯಾವುದು ಕಳೆ, ಯಾವುದು ಮೇವು ಅಂತ ನಾವು ಮೂವರೂ ತೀರ್ಪು ಕೊಟ್ಟೆವಲ್ಲ, ತಿನ್ನುವವಳನ್ನು ಒಬ್ಬರಾದರೂ ಕೇಳಿದ್ದೆವಾ?